ಹೂ ಬಿಟ್ಟ ಮರದ ಕೆಳಗೆ ನೊಣ ಇರಲಿಲ್ಲ

ಈಗಲೂ ವಾರಕ್ಕೊಂದಾದರೂ ಫೋನು ಬರುತ್ತದೆ. ಕೆಲಸ ಬಿಟ್ಟು ಎರಡು ವರ್ಷವಾಯಿತು. ದುಬೈಯ ಊದ್ ಮೇಥಾದಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇನೆ. ಮೊಮ್ಮಗಳನ್ನು ಶಾಲೆಯಿಂದ ಕರೆತರುವುದೇ ಸದ್ಯದ ಡ್ಯೂಟಿ. ಆದರೂ ನನ್ನ ಹಳೆಯ ಕಂಪನಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಯಾರಿಂದಲೋ ನನ್ನ ನಂಬರು ಹಿಡಿದು ಕೇಳುತ್ತಾರೆ: "ಮೇಡಂ, ಕ್ಲೈಂಟ್ ಮನೆಯ ಮರ ಹೋದ ವರ್ಷ ಚೆನ್ನಾಗಿ ಬಿಟ್ಟಿತ್ತಂತೆ. ಈ ವರ್ಷ ಏನೂ ಇಲ್ಲ. ಯಾವ ಔಷಧ ಹೊಡೆಯಲಿ?"

ಈ ಪ್ರಶ್ನೆ ಕೇಳಿದರೆ ಸಾಕು, ನಾನು ಕುರ್ಚಿಯಿಂದ ಎದ್ದು ನಿಂತುಬಿಡುತ್ತೇನೆ! ಕಾಲು ನೋವು ನೆನಪಾಗುವುದಿಲ್ಲ. ಔಷಧ ಆಮೇಲೆ ಮಾರಾಯ, ಮೊದಲು ಹೇಳು, ನೀರು ದಿನಕ್ಕೆ ಎಷ್ಟು ಸಲ? ಗೊಬ್ಬರ ಯಾರು ಹಾಕುತ್ತಾರೆ? ಕೊಂಬೆ ಕತ್ತರಿಸಿದ್ದು ಯಾವ ತಿಂಗಳು? ಹೂವಿನ ಮೇಲೆ ಏನು ಕೂತಿದೆ? ಮೊಮ್ಮಗಳು ಪಕ್ಕದ ಸೋಫಾದಿಂದ, "ಅಜ್ಜೀ, ಇಟ್ಸ್ ಓನ್ಲಿ ಎ ಟ್ರೀ!" ಎಂದು ಕೂಗುತ್ತಾಳೆ. ಅವಳಿಗೇನು ಗೊತ್ತು!

ನಾನು ವಿಜಯಪುರದ ಕಡೆಯವಳು. ಅಪ್ಪನದು ದ್ರಾಕ್ಷಿ ತೋಟ. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ, ಮದುವೆಯಾಗಿ, ಯಜಮಾನರ ಕೆಲಸದ ಹಿಂದೆ ಅಬುಧಾಬಿಗೆ ಬಂದೆ. ನಾಲ್ಕು ವರ್ಷ ಅಡುಗೆಮನೆಯ ಕಿಟಕಿಯಿಂದ ಎದುರಿನ ಕಟ್ಟಡದ ಏಸಿಗಳನ್ನು ಎಣಿಸಿದೆ. ಆಮೇಲೆ ಮನೆಗಳ ತೋಟ ನೋಡಿಕೊಳ್ಳುವ ಒಂದು ಕಂಪನಿಗೆ ಹೆಂಗಸೊಬ್ಬಳು ಬೇಕು ಎಂಬ ಸುದ್ದಿ ಬಂತು. ಅಲ್ಲಿನ ಹಳೆಯ ಅರಬ್ ಮನೆಗಳಲ್ಲಿ ಹಣ್ಣಿನ ಮರಗಳು ಒಳಂಗಳದಲ್ಲಿ, ಹೆಂಗಸರು ಓಡಾಡುವ ಕಡೆ ಇರುತ್ತಿದ್ದವು. ಗಂಡಸು ಸೂಪರ್‌ವೈಸರುಗಳು ಗೇಟಿನಲ್ಲೇ ನಿಂತು, ಒಳಗಿನಿಂದ ತಂದುಕೊಟ್ಟ ಎಲೆ ನೋಡಿ ರೋಗ ಹೇಳಬೇಕಾಗುತ್ತಿತ್ತು. ಎಲೆ ನೋಡಿ ಮರಕ್ಕೆ ಮದ್ದು ಹೇಳುವುದೆಂದರೆ ಉಗುರು ನೋಡಿ ಮನುಷ್ಯನಿಗೆ ಮದ್ದು ಕೊಟ್ಟ ಹಾಗೆ.

ನನ್ನನ್ನು ಸಂದರ್ಶನ ಮಾಡಿದವರು ಡಾಕ್ಟರ್ ಹಾನಿ ಎಂಬ ಈಜಿಪ್ಟಿನವರು. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸದಾ ಒಂದು ಪುಟ್ಟ ಭೂತಗನ್ನಡಿ. "ಮರ ಫಲ ಕೊಡದಿದ್ದರೆ ಮೊದಲು ಯಾರನ್ನು ನೋಡುತ್ತೀಯ?" ಎಂದು ಕೇಳಿದರು. "ಮರವನ್ನು," ಎಂದೆ. "ತಪ್ಪು. ಮನೆಯವರನ್ನು ನೋಡು," ಎಂದರು. ಆದರೂ ಕೆಲಸ ಕೊಟ್ಟರು.

ಅವರ ಮಾತು ಎಷ್ಟು ನಿಜ ಎಂಬುದು ಮೊದಲ ತಿಂಗಳಲ್ಲೇ ತಿಳಿಯಿತು. ದುಬೈಯಲ್ಲಿ ಒಬ್ಬರು ಮೈಸೂರಿನ ಕಂಪ್ಯೂಟರ್ ಇಂಜಿನಿಯರು. ವಿಲ್ಲಾದ ಹಿತ್ತಲಲ್ಲಿ ಒಂದು ಲಿಂಬೆ ಗಿಡ. ಎಂಥ ಹಸಿರು! ಎಲೆ ಒಂದೊಂದೂ ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುತ್ತಿತ್ತು. ಕಾಯಿ ಮಾತ್ರ ಒಂದೂ ಇಲ್ಲ.

"ಮಗು ಥರ ನೋಡ್ಕೊಂಡಿದೀನಿ ಮೇಡಂ. ಪ್ರತಿ ವೀಕೆಂಡ್ ಯೂರಿಯಾ ಹಾಕ್ತೀನಿ, ದಿನಾ ಎರಡು ಹೊತ್ತು ನೀರು. ಇನ್ನೇನು ಮಾಡ್ಬೇಕು ಹೇಳಿ," ಎಂದರು.

"ಏನೂ ಮಾಡಬ್ಯಾಡ್ರಿ. ಅದ ಔಷಧ," ಎಂದೆ.

ಅವರ ಮಗಳು, ಹತ್ತು ವರ್ಷದವಳಿರಬೇಕು, ಕೈಯಲ್ಲಿ ಚಿಪ್ಸ್ ಹಿಡಿದುಕೊಂಡೇ, "ಸೀ ಅಪ್ಪಾ, ಐ ಟೋಲ್ಡ್ ಯು, ಯು ಆರ್ ಓವರ್‌ಫೀಡಿಂಗ್ ಇಟ್!" ಎಂದಳು. ನೂರಕ್ಕೆ ನೂರು ಸರಿ! ಯೂರಿಯಾ ಹೆಚ್ಚಾದರೆ ಗಿಡ ಎಲೆಯನ್ನೇ ಹೊರಡಿಸುತ್ತದೆ. ಹೂವಿನ ಯೋಚನೆಯೇ ಅದಕ್ಕೆ ಬರುವುದಿಲ್ಲ. ನಮ್ಮ ಕಡೆ ಲಿಂಬೆಗೂ ದಾಳಿಂಬೆಗೂ ನೀರು ನಿಲ್ಲಿಸಿ ಸ್ವಲ್ಪ ದಿನ ಬಾಯಾರಿಸುತ್ತಾರೆ, ಎಲೆ ಬಾಡಿದ ಮೇಲೆ ಮತ್ತೆ ನೀರು ಬಿಡುತ್ತಾರೆ. ಆಗ ಮೈತುಂಬಾ ಹೂವು. ಚಳಿಗಾಲದಲ್ಲಿ ಅವರಿಂದಲೂ ಅದನ್ನೇ ಮಾಡಿಸಿದೆ. ಒಂದು ಬೆಳಿಗ್ಗೆ ಅವರು ಆಫೀಸಿನ ಮೀಟಿಂಗಿನಿಂದ ಹೊರಗೆ ಬಂದು ಫೋನು ಮಾಡಿ, "ಮೇಡಂ, ಇಡೀ ಹಿತ್ತಲು ಘಮಘಮ ಅಂತಿದೆಯಂತೆ, ಹೆಂಡತಿ ಹೇಳಿದ್ಲು!" ಎಂದು ಕೂಗಿದರು. ಇಂಥ ಫೋನು ಬಂದ ದಿನ ನನಗೆ ಊಟ ಬೇಕಿರುತ್ತಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ: ಈ ಬಾಯಾರಿಸುವ ಆಟವನ್ನು ಇಲ್ಲಿನ ಬೇಸಿಗೆಯಲ್ಲಿ ಆಡಬೇಡಿ. ಜುಲೈಯಲ್ಲಿ ಮೂರು ದಿನ ನೀರು ತಪ್ಪಿದರೆ ಹೂವಲ್ಲ, ಗಿಡವೇ ಇರುವುದಿಲ್ಲ.

ಲಿಂಬೆ, ಪಪ್ಪಾಯಿ, ಅಂಜೂರದ ಕಥೆಗಳು ಬೇಕಾದಷ್ಟಿವೆ. ಆದರೆ ಹೊಸಬರು ಕೇಳಲೇಬೇಕಾದದ್ದು ಉಮ್ ಖಾಲಿದ್ ಅವರ ಮಾವಿನ ಮರದ ಕಥೆ. ಯಾಕೆಂದರೆ ಅದರಲ್ಲಿ ನನ್ನ ಅತಿ ದೊಡ್ಡ ತಪ್ಪೂ ಇದೆ.

ಉಮ್ ಖಾಲಿದ್ ಎಂದರೆ ಖಾಲಿದನ ತಾಯಿ. ಅಬುಧಾಬಿಯ ಹಳೆಯ ಬಡಾವಣೆಯೊಂದರಲ್ಲಿ ಅವರ ಮನೆ. ಎಪ್ಪತ್ತರ ಹೆಂಗಸು, ಮಗ ಖಾಲಿದನ ಸಂಸಾರದ ಜೊತೆ ಇದ್ದರು. ಚಿಕ್ಕಂದಿನಲ್ಲಿ ತಂದೆಯ ವ್ಯಾಪಾರದ ದೆಸೆಯಿಂದ ಮುಂಬಯಿಯಲ್ಲಿ ಕೆಲವು ವರ್ಷ ಇದ್ದವರು. ಅವರ ಹಿಂದಿ ನನ್ನ ಹಿಂದಿಗಿಂತ ಎಷ್ಟೋ ಚೆನ್ನಾಗಿತ್ತು. ಒಳಂಗಳದಲ್ಲಿ ಅವರ ಗಂಡ ತೀರಿಕೊಳ್ಳುವ ಮುಂಚೆ ನೆಟ್ಟ ಮಾವಿನ ಮರ. ಹನ್ನೆರಡು ವರ್ಷವಾದರೂ ಒಂದು ವರ್ಷ ನಾಲ್ಕು ಕಾಯಿ, ಇನ್ನೊಂದು ವರ್ಷ ಅದೂ ಇಲ್ಲ.

ತೋಟ ನೋಡಿಕೊಳ್ಳುವವನು ರಫೀಕ್, ಆ ಮನೆಯವರದೇ ವೀಸಾದ ಮೇಲಿದ್ದ, ಒಳಂಗಳದಲ್ಲಿ ಓಡಾಡುವ ಮನೆಯ ಆಳು, ಬಾಂಗ್ಲಾದೇಶದವನು, ನಲವತ್ತೈದು ದಾಟಿದವನು. ಮಾತು ಕಡಿಮೆ. ಮರದ ಬುಡದಲ್ಲಿ ಕೂತು ಒಣಗಿದ ಎಲೆಗಳನ್ನು ಒಂದೊಂದಾಗಿ ಆರಿಸುತ್ತಿದ್ದ.

ಮೊದಲ ದಿನವೇ ನನಗೆ ಎರಡು ಕಾರಣ ಸಿಕ್ಕಿದವು. ಮರದ ಬುಡದವರೆಗೂ ಹುಲ್ಲುಹಾಸು. ಅದಕ್ಕೆ ಟೈಮರ್ ಇಟ್ಟು ದಿನಕ್ಕೆರಡು ಸಲ ನೀರು ಚಿಮ್ಮಿಸುತ್ತಿದ್ದರು. ಹುಲ್ಲಿಗೆಂದು ಹಾಕಿದ ಗೊಬ್ಬರವೂ ಮಾವಿನ ಬೇರಿಗೇ. ಮಾವಿಗೆ ಚಳಿಗಾಲದ ಆರಂಭದಲ್ಲಿ ಒಂದಿಷ್ಟು ಬಾಯಾರಿಕೆ ಬೇಕು, ಸುಮ್ಮನೆ ನಿಲ್ಲುವ ಕಾಲ ಬೇಕು. ಈ ಮರಕ್ಕೆ ಸುಮ್ಮನಿರಲು ಯಾರೂ ಬಿಟ್ಟೇ ಇರಲಿಲ್ಲ. ಬುಡದ ಸುತ್ತ ಹುಲ್ಲು ತೆಗೆಸಿದೆ, ನೀರು ಬೇರೆ ಮಾಡಿಸಿದೆ. ಇಲ್ಲಿಯವರೆಗೆ ಎಲ್ಲ ಸರಿ.

ನವೆಂಬರಿನಲ್ಲಿ ಮತ್ತೆ ಹೋದೆ. ಮರ ಒಳಗೆಲ್ಲ ಕತ್ತಲೆ, ಕೊಂಬೆಯ ಮೇಲೆ ಕೊಂಬೆ. ನನಗೆ ಉತ್ಸಾಹ ಉಕ್ಕಿಬಿಟ್ಟಿತು. ನಮ್ಮ ಕಡೆ ದಸರೆಯ ಆಸುಪಾಸು ದ್ರಾಕ್ಷಿಗೆ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿ ಕತ್ತರಿಸುತ್ತಾರೆ. ಕತ್ತರಿಸಿದ ಮೇಲೆ ಬರುವ ಹೊಸ ಚಿಗುರಿನಲ್ಲೇ ಗೊನೆ. ಅದನ್ನು ನೋಡಿಕೊಂಡೇ ಬೆಳೆದ ಕಣ್ಣು ನನ್ನದು. "ಎಲ್ಲ ತುದಿ ಕತ್ತರಿಸು, ಬೆಳಕು ಬೀಳಬೇಕು," ಎಂದು ರಫೀಕನಿಗೆ ಹೇಳಿದೆ.

ಅವನು ಕತ್ತರಿ ಹಿಡಿದು ಕೊಂಬೆಗಳ ಕಡೆ ನೋಡಿದ. "ಮೇಡಂ, ಈಗಲಾ? ನಮ್ಮೂರಲ್ಲಿ ಹಣ್ಣು ಕಿತ್ತ ಮೇಲೆ ಕಡೀತಾರೆ."

"ಕಾಲೇಜಿನಲ್ಲಿ ಓದಿದ್ದು ನಾನೋ ನೀನೋ?" ಎಂದುಬಿಟ್ಟೆ.

ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಅವನು ಏಣಿ ಹತ್ತಿ ಅಚ್ಚುಕಟ್ಟಾಗಿ ಕತ್ತರಿಸಿದ. ಮಾವು ದ್ರಾಕ್ಷಿಯಲ್ಲ. ಮಾವಿನ ಹೂವು ಬರುವುದು ಬಲಿತ ಕೊಂಬೆಯ ತುದಿಯಲ್ಲಿ. ಜನವರಿಯ ಹೂವನ್ನೆಲ್ಲ ನಾನು ನವೆಂಬರಿನಲ್ಲಿ ಕಸದ ಗಾಡಿಗೆ ತುಂಬಿಸಿದ್ದೆ.

ಜನವರಿಯಲ್ಲಿ ಆ ಮರ ತಾಮ್ರದ ಬಣ್ಣದ ಚಿಗುರನ್ನು ಹೊರಡಿಸಿತು. ನೋಡಲು ಸೊಗಸು, ಒಂದೇ ಒಂದು ಹೂವಿಲ್ಲ. ಒಳಂಗಳಕ್ಕೆ ಕಾಲಿಟ್ಟ ಕೂಡಲೇ ನನಗೆ ಗೊತ್ತಾಯಿತು. ಆದರೆ ಅಷ್ಟರಲ್ಲಿ ಖಾಲಿದ್ ಆಫೀಸಿಗೆ ಫೋನು ಮಾಡಿ ಆಗಿತ್ತು: ಪಕ್ಕದ ಮನೆಯವರು ಬಂದು ನೋಡಿ, ತಪ್ಪು ಕಾಲದಲ್ಲಿ ಕತ್ತರಿಸಿದ್ದಾರೆ ಎಂದರಂತೆ, ಕತ್ತರಿಸಿದವನು ರಫೀಕ್, ಅವನ ವೀಸಾ ಕ್ಯಾನ್ಸಲ್ ಮಾಡಿ ಕಳಿಸುತ್ತೇನೆ, ಖಲಾಸ್.

ಡಾಕ್ಟರ್ ಹಾನಿ ನನ್ನನ್ನು ಕರೆದರು. "ನೀನು ಬರೆದುಕೊಟ್ಟಿದ್ದೀಯಾ?"

"ಇಲ್ಲ. ಬಾಯಲ್ಲಿ ಹೇಳಿದೆ."

"ಹಾಗಾದರೆ ಸುಮ್ಮನಿರು. ಆ ಮನೆಯ ಕಾಂಟ್ರಾಕ್ಟು ಹೋದರೆ ಪಕ್ಕದ ನಾಲ್ಕು ಮನೆಯದೂ ಹೋಗುತ್ತದೆ."

ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಬೇಕು. ಅವರ ತಲೆಯ ಮೇಲೂ ಒಬ್ಬರಿದ್ದರು. ನಾನು ಸುಮ್ಮನೆ ಮನೆಗೆ ಬಂದೆ, ರೊಟ್ಟಿ ಬಡಿದೆ, ಯಜಮಾನರಿಗೆ ಬಡಿಸಿದೆ. ಅವರು ಎರಡು ತುತ್ತು ತಿಂದು ಕೇಳಿದರು: "ಏನಾಗೇತಿ? ಪಲ್ಯಾದಾಗ ಉಪ್ಪ ಇಲ್ಲ." ಎಲ್ಲ ಹೇಳಿದೆ. ಅವರು ಬುದ್ಧಿವಾದವನ್ನೇನೂ ಹೇಳಲಿಲ್ಲ. "ಆ ಮನಶಾ ನಿನ್ನ ಹೆಸರು ಹೇಳ್ಯಾನೇನು?" ಎಂದರು ಅಷ್ಟೆ. ಹೇಳಿರಲಿಲ್ಲ. ರಫೀಕ್ ಯಾರ ಹತ್ತಿರವೂ ನನ್ನ ಹೆಸರು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಲೇ ಇಲ್ಲ. ನೇರ ಆ ಮನೆಗೆ ಹೋದೆ. ಉಮ್ ಖಾಲಿದ್ ಜಗಲಿಯಲ್ಲಿ ಕೂತಿದ್ದರು, ಮಗನೂ ಕೆಲಸಕ್ಕೆ ಹೊರಡುವುದರಲ್ಲಿದ್ದ. ನಿಂತೇ ಹೇಳಿದೆ: "ಕತ್ತರಿಸು ಅಂತ ಹೇಳಿದ್ದು ನಾನು. ಬೇಡ ಅಂತ ಅವನು ಅಂದ. ನಾನು ಕೇಳಲಿಲ್ಲ."

ಖಾಲಿದ್ ಕನ್ನಡಕ ತೆಗೆದು ನನ್ನನ್ನು ನೋಡಿದ. ಮುದುಕಿ ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿ ನನ್ನ ಕಡೆ ಚಾಚಿದರು. ನಿಂತೇ ತೆಗೆದುಕೊಂಡೆ.

"ಇದನ್ನು ಹೇಳೋಕೆ ಬಂದೆಯಾ?" ಎಂದರು.

"ಹೌದು."

"ಕೂತ್ಕೋ. ನಿಂತು ಕುಡಿಯೋ ಕಾಫಿ ಅಲ್ಲ ಇದು."

ರಫೀಕನ ಮಾತು ಅಲ್ಲಿಗೆ ಮುಗಿಯಿತು. ಆದರೆ ಖಾಲಿದ್ ಬಿಡಲಿಲ್ಲ. ಮನೆ ದೊಡ್ಡದಾಗಬೇಕು, ಮಕ್ಕಳಿಗೆ ಕೋಣೆ ಬೇಕು, ಹಣ್ಣು ಕೊಡದ ಮರಕ್ಕೆ ಇಷ್ಟು ಜಾಗ ಯಾಕೆ ಎಂದ. ಅವನು ಕೇಳಿದ್ದೂ ನ್ಯಾಯವೇ. ತಾಯಿ ಮಗ ಅರಬ್ಬಿಯಲ್ಲಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ಮುದುಕಿ ನನ್ನ ಕಡೆ ಒಂದು ಬೆರಳು ತೋರಿಸಿದರು. "ಒಂದು ವರ್ಷ. ಬರುವ ವರ್ಷದ ಬೇಸಿಗೆಯಲ್ಲಿ ಹಣ್ಣಿಲ್ಲದಿದ್ದರೆ ಅವನು ಕಡಿಸ್ತಾನೆ. ನಾನು ಮಾತಾಡಲ್ಲ."

ಡಾಕ್ಟರ್ ಹಾನಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಎಂಟನೇ ದಿನ ನನ್ನ ಟೇಬಲ್ಲಿನ ಎದುರು ಬಂದು ಕೂತು, ಭೂತಗನ್ನಡಿಯನ್ನು ಒರೆಸುತ್ತಾ, "ನಾನು ಇಪ್ಪತ್ತಾರನೇ ವಯಸ್ಸಿನಲ್ಲಿ ನಮ್ಮೂರಿನ ಒಬ್ಬರ ನಲವತ್ತು ಕಿತ್ತಳೆ ಮರಗಳನ್ನು ಯೂರಿಯಾ ಹಾಕಿ ಸುಟ್ಟಿದ್ದೇನೆ," ಎಂದರು. "ಯಾರಿಗೂ ಹೇಳಲಿಲ್ಲ. ಈಗಲೂ ಕಿತ್ತಳೆ ತಿನ್ನುವುದಿಲ್ಲ." ಎದ್ದು ಹೋದರು. ಆಮೇಲೆ ಆ ಮರದ ವಿಷಯದಲ್ಲಿ ಅವರು ನನ್ನಷ್ಟೇ ತಲೆಕೆಡಿಸಿಕೊಂಡರು.

ಆ ವರ್ಷ ನಾನೂ ರಫೀಕನೂ ಸೇರಿ ಮರ ಕಾಯ್ದೆವು. ಏನು ಮಾಡುವ ಮೊದಲೂ ಅವನನ್ನು ಕೇಳುತ್ತಿದ್ದೆ. ಮೊದಮೊದಲು ಅವನಿಗೆ ಮುಜುಗರ. ಆಮೇಲೆ ತಾನೇ ಫೋನು ಮಾಡಿ ಹೇಳತೊಡಗಿದ. ಅಕ್ಟೋಬರಿನಿಂದ ನೀರು ಇಳಿಸಿದೆವು. ಗೊಬ್ಬರ ನಿಲ್ಲಿಸಿದೆವು. ಕತ್ತರಿಯನ್ನು ಮರದ ಹತ್ತಿರ ಸುಳಿಯಲು ಬಿಡಲಿಲ್ಲ. ಎಲೆ ಗಡುಸಾಗಿ ಕಪ್ಪುಹಸಿರಿಗೆ ತಿರುಗಿತು.

ಡಿಸೆಂಬರ್ ಮುಗಿಯುತ್ತಾ ಬಂದಿತ್ತು. ರಫೀಕನ ಫೋನು. "ಮೇಡಂ, ತುದಿ ಊದಿಕೊಂಡಿದೆ. ಎಲೆಯಲ್ಲ." ಓಡಿದೆ! ಏಣಿ ಹತ್ತಿ ನೋಡಿದೆ. ಕೊಂಬೆಯ ತುದಿಯಲ್ಲಿ ಮೊಗ್ಗು ದುಂಡಗೆ, ದಪ್ಪಗೆ. ಎಲೆಮೊಗ್ಗು ಚೂಪು, ಹೂಮೊಗ್ಗು ದುಂಡು. ಏಣಿಯ ಮೇಲೇ ಕೂಗಿಬಿಟ್ಟೆ. ಒಳಗಿನಿಂದ ಉಮ್ ಖಾಲಿದ್ ಬರಿಗಾಲಲ್ಲಿ ಬಂದರು.

ಜನವರಿಯ ಕೊನೆಗೆ ಮರ ಹೂವಿನ ಗುಡ್ಡ. ಬೆಳಗಿನ ಮಂಜು ದಟ್ಟವಾಗಿತ್ತು. ಅಂಥ ತೇವದಲ್ಲಿ ಹೂವಿನ ಮೇಲೆ ಬೂದಿ ರೋಗ ಬರುತ್ತದೆಂದು ಡಾಕ್ಟರ್ ಹಾನಿ ಹೂಗೊಂಚಲು ಬಿಡುವಾಗಲೇ ಗಂಧಕ ಹೊಡೆಸಿದ್ದರು. ರೋಗ ಬರಲಿಲ್ಲ. ಇನ್ನೇನು ಬೇಕು? ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಮರದ ಕೆಳಗೆ ನಿಂತು ಕಣ್ಣು ಮುಚ್ಚಿ ಆ ಪರಿಮಳ ಎಳೆದುಕೊಳ್ಳುತ್ತಿದ್ದೆ. ತಟ್ಟನೆ ಏನೋ ಸರಿಯಿಲ್ಲ ಅನ್ನಿಸಿತು.

ಸದ್ದಿಲ್ಲ!

ಹೂ ಬಿಟ್ಟ ಮಾವಿನ ಮರದ ಕೆಳಗೆ ನೀವು ನಿಂತಿದ್ದೀರಾ? ಗುಂಯ್ ಎನ್ನುತ್ತಿರಬೇಕು. ಜೇನು, ನೊಣ, ಸಣ್ಣ ಹುಳು, ಎಲ್ಲ ಮುತ್ತಿಕೊಂಡಿರಬೇಕು. ಇಲ್ಲಿ ಏಸಿಯ ಸದ್ದು ಬಿಟ್ಟರೆ ಏನೂ ಇಲ್ಲ. ಹೂವಿನ ಮೇಲೆ ಹತ್ತು ನಿಮಿಷ ಕಣ್ಣಿಟ್ಟೆ. ಒಂದು ನೊಣವೂ ಕೂರಲಿಲ್ಲ.

"ರಫೀಕ್, ಇಲ್ಲಿ ನೊಣ ಯಾಕಿಲ್ಲ?"

"ಪ್ರತಿ ಗುರುವಾರ ಗಾಡಿ ಬರ್ತದಲ್ಲ ಮೇಡಂ. ಸೊಳ್ಳೆ, ಜಿರಳೆ, ಎಲ್ಲಕ್ಕೂ ಹೊಡೀತಾರೆ. ಗೋಡೆಗೆ, ಗಿಡಕ್ಕೆ. ಹತ್ತು ವರ್ಷದಿಂದ."

ಹತ್ತು ವರ್ಷದಿಂದ! ಮಾವಿನ ಹೂವಿನ ಪರಾಗವನ್ನು ಇಲ್ಲಿಂದಲ್ಲಿಗೆ ಒಯ್ಯುವುದು ಹೆಚ್ಚಾಗಿ ನೊಣ. ಹೂ ಬಂದ ವರ್ಷವೂ ಕಾಯಿ ನಾಲ್ಕೇ ಯಾಕೆ ನಿಲ್ಲುತ್ತಿದ್ದವು ಎಂಬುದು ಈಗ ತಿಳಿಯಿತು. ಕಾರಣ ಒಂದೇ ಎಂದು ಎಂದೂ ತಿಳಿಯಬೇಡಿ, ಮಕ್ಕಳೇ. ಒಂದು ಸಿಕ್ಕ ಖುಷಿಯಲ್ಲಿ ನಾವು ಹುಡುಕುವುದನ್ನು ಬಿಡುತ್ತೇವೆ. ಅದರ ಹಿಂದೆ ಎರಡನೆಯದು ಆರಾಮಾಗಿ ಕೂತಿರುತ್ತದೆ.

ಖಾಲಿದ್ ಔಷಧ ನಿಲ್ಲಿಸಲು ಒಪ್ಪಲಿಲ್ಲ. "ಮಕ್ಕಳಿದ್ದಾರೆ, ಸೊಳ್ಳೆ ಬರುತ್ತೆ," ಎಂದ. ನಾಲ್ಕೇ ನಾಲ್ಕು ವಾರ, ಮನೆಯೊಳಗೆ ಹೊಡೆಸಿ, ತೋಟದಲ್ಲಿ ಬೇಡ ಎಂದು ಬೇಡಿಕೊಂಡೆ. ತಾಯಿ ಒಂದು ಸಲ ಅವನ ಮುಖ ನೋಡಿದರು. ಒಪ್ಪಿದ.

ಆದರೆ ಹತ್ತು ವರ್ಷದಿಂದ ಓಡಿಸಿದ ನೊಣ ನಾಳೆಯೇ ಬರುತ್ತದೆಯೇ? ಹೂವು ನನಗಾಗಿ ಕಾಯುವುದಿಲ್ಲ. ಆ ದಿನ ಕಂಪನಿಯ ಪಿಕಪ್ಪಿನಲ್ಲಿ ತಲೆ ಹಿಡಿದು ಕೂತಿದ್ದೆ. ಗಾಡಿ ಓಡಿಸುವವನು ಉಸ್ಮಾನ್, ಮಂಗಳೂರಿನವನು.

"ಎಂತಾಯ್ತು ಅಕ್ಕ? ಮುಖ ಹೀಗೆ ಉಂಟಲ್ಲ?"

"ನೊಣಾ ಬೇಕಾಗ್ಯಾವಪಾ ಉಸ್ಮಾನ್. ಒಂದಲ್ಲ ಎರಡಲ್ಲ, ಸಾವಿರ ನೊಣಾ."

ಅವನು ಸ್ಟಿಯರಿಂಗಿಗೆ ಹೊಡೆದುಕೊಂಡು ನಕ್ಕ. "ಅದಕ್ಕೆಂತ ಇಷ್ಟು ಚಿಂತೆ? ನಮ್ಮ ಮಾವನ ತೋಟದಲ್ಲಿ ಮಾವು ಹೂ ಬಿಡುವಾಗ ಬೂತಾಯಿ ತಲೆ ಕಟ್ಟುದು ಕೊಂಬೆಗೆ. ಮೀನು ಕೊಳೆತ್ರೆ ನೊಣ ಬಾರದೆ ಇರ್ತದಾ? ಅಲ್ ಮೀನಾಕ್ಕೆ ಹೋಗುವಾ, ಮೀನು ಮಾರ್ಕೆಟ್ಟಲ್ಲಿ ತಲೆ ಬಾಲ ಎಲ್ಲ ಸುಮ್ಮನೆ ಕೊಡ್ತಾರೆ."

"ಉಸ್ಮಾನ್, ನಾ ಹುಟ್ಟಿದಾಗಿಂದ ಮೀನಾ ಮುಟ್ಟಿಲ್ಲೋ!"

"ನೀವು ತಿನ್ನುದು ಬೇಡ ಅಕ್ಕ. ಮರ ತಿನ್ನುದೂ ಬೇಡ. ನೊಣ ತಿಂತದೆ."

ಹೋದೆವು. ಅದುವರೆಗೆ ಮೀನಿನ ಅಂಗಡಿಯ ಬೀದಿಯನ್ನೂ ಬಳಸದ ನಾನು, ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಲ್ ಮೀನಾದ ಒದ್ದೆ ನೆಲದ ಮೇಲೆ ತುದಿಗಾಲಲ್ಲಿ ನಡೆದೆ. ಉಸ್ಮಾನ್ ಮೀನು ಕೊಯ್ಯುವವರ ಹತ್ತಿರ ಹೋಗಿ ಮಲಯಾಳದಲ್ಲಿ ಏನೋ ಹೇಳಿದ. ಅವರೆಲ್ಲ ಕತ್ತಿ ನಿಲ್ಲಿಸಿ ನನ್ನನ್ನು ನೋಡಿ ನಕ್ಕರು. ಎರಡು ಬಕೆಟ್ ತುಂಬಾ ತಲೆಗಳು! ಅವುಗಳ ಕಣ್ಣು ನೋಡದೆ ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಗಿಟ್ಟು ಕೂತಿದ್ದೆ. ನಾನೂ ನಗುತ್ತಿದ್ದೆ, ಯಾಕೆಂದು ಕೇಳಬೇಡಿ.

ಈರುಳ್ಳಿಯ ಬಲೆಚೀಲಗಳಲ್ಲಿ ತುಂಬಿ ರಫೀಕ್ ಕೊಂಬೆಗಳಿಗೆ ಕಟ್ಟಿದ. ಎರಡನೇ ದಿನಕ್ಕೆ ವಾಸನೆ ಎದ್ದಿತು. ಖಾಲಿದನ ಹೆಂಡತಿ ಕಿಟಕಿಗಳನ್ನೆಲ್ಲ ಬಂದ್ ಮಾಡಿಸಿದಳು. ಆ ವಾರಾಂತ್ಯದಲ್ಲಿ ಅತಿಥಿಗಳು ಬಂದಿದ್ದರಂತೆ. ಖಾಲಿದ್ ಎಲ್ಲರನ್ನೂ ಮನೆಯ ಮುಂಭಾಗಕ್ಕೆ ಕರೆದೊಯ್ದು ಅರ್ಧ ಕಿಲೋ ಧೂಪ ಹಾಕಿಸಿದನಂತೆ. ಉಮ್ ಖಾಲಿದ್ ಮಾತ್ರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೆಳಿಗ್ಗೆ ಬೆಳಿಗ್ಗೆ ಮರದ ಕೆಳಗೆ ಕುರ್ಚಿ ಹಾಕಿಸಿ ಕೂರುತ್ತಿದ್ದರು.

ಐದನೇ ದಿನ ಅವರದೇ ಫೋನು. "ಕೇಳು," ಎಂದರು. ಫೋನನ್ನು ಹೂವಿನ ಹತ್ತಿರ ಹಿಡಿದಿರಬೇಕು.

ಗುಂಯ್!

ಆಫೀಸಿನಲ್ಲಿ ಎಲ್ಲರ ಎದುರು ನಾನು ಎರಡೂ ಕೈ ಮೇಲೆತ್ತಿ ಕುಣಿದದ್ದನ್ನು ಡಾಕ್ಟರ್ ಹಾನಿ ರಿಟೈರ್ ಆಗುವವರೆಗೂ ಹೇಳಿಕೊಂಡು ನಗುತ್ತಿದ್ದರು.

ಮಾರ್ಚಿನಲ್ಲಿ ಕಡಲೆ ಗಾತ್ರದ ಕಾಯಿಗಳು, ಗೊಂಚಲು ಗೊಂಚಲು. ಏಪ್ರಿಲಿನಲ್ಲಿ ನೆಲದ ತುಂಬಾ ಉದುರಿದವು. ಮುದುಕಿ ಗಾಬರಿಯಾಗಿ ಉಡಿ ತುಂಬಾ ಆರಿಸಿ ನನ್ನೆದುರು ಸುರಿದರು. "ಮರ ತನಗೆ ಸಾಕುವಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತೆ. ಉದುರಿದ್ದನ್ನು ನೋಡಬೇಡಿ, ಮೇಲೆ ನೋಡಿ," ಎಂದೆ. ಧೈರ್ಯ ಹೇಳಿದೆನೇ ಹೊರತು ಆಮೇಲೆ ನಾನೂ ಮೇಲೆ ಉಳಿದ ಕಾಯಿಗಳನ್ನು ಎರಡೆರಡು ಸಲ ಎಣಿಸಿದೆ. ಈಗ ನೀರು ತಪ್ಪಬಾರದು. ರಫೀಕ್ ಟೈಮರನ್ನು ನಂಬದೆ ತಾನೇ ಮಣ್ಣು ಮುಟ್ಟಿ ಮುಟ್ಟಿ ನೀರು ಬಿಡುತ್ತಿದ್ದ. ಈಗಿನವರು ಮಣ್ಣಿಗೆ ಸೆನ್ಸರ್ ಚುಚ್ಚಿ ಮೊಬೈಲಿನಲ್ಲಿ ತೇವ ನೋಡುತ್ತಾರೆ. ಒಳ್ಳೆಯದೇ, ನಾನೂ ಕೊನೆಯ ವರ್ಷಗಳಲ್ಲಿ ಬಳಸಿದೆ. ಆದರೆ ಬೆರಳನ್ನೂ ಒಮ್ಮೆ ಹಾಕಿ ನೋಡಿ. ಮೇ ತಿಂಗಳಲ್ಲಿ ಮರಳುಗಾಳಿ ಎರಡು ದಿನ ಬೀಸಿತು. ರಫೀಕನೂ ಉಸ್ಮಾನನೂ ಹಸಿರು ಬಲೆಯನ್ನು ಮರದ ಸುತ್ತ ಕಟ್ಟಿ ನಿಂತರು. ಖಾಲಿದ್ ಆಫೀಸಿಗೆ ಹೋಗುವ ಬಿಳಿ ಬಟ್ಟೆಯಲ್ಲೇ ಬಂದು ಬಲೆಯ ಒಂದು ತುದಿ ಹಿಡಿದದ್ದನ್ನು ಕಣ್ಣಾರೆ ಕಂಡೆ.

ಜೂನಿನಲ್ಲಿ ಹಣ್ಣಾಯಿತು. ಇನ್ನೂರಕ್ಕೂ ಮಿಕ್ಕಿ! ಕೊಂಬೆಗಳಿಗೆ ಊರುಗೋಲು ಕೊಡಬೇಕಾಯಿತು.

ಮೊದಲ ಹಣ್ಣನ್ನು ಉಮ್ ಖಾಲಿದ್ ತಾವೇ ಕತ್ತರಿಸಿದರು. ಜಗಲಿಯಲ್ಲಿ ಎಲ್ಲರೂ ಇದ್ದೆವು; ಮಗ, ಸೊಸೆ, ಮಕ್ಕಳು, ಡಾಕ್ಟರ್ ಹಾನಿ, ಉಸ್ಮಾನ್. ರಫೀಕ್ ದೂರದಲ್ಲಿ ನಿಂತಿದ್ದ. ಅವನನ್ನೂ ಹತ್ತಿರ ಕರೆದರು. ಒಂದು ಹೋಳು ಬಾಯಿಗಿಟ್ಟರು. ಅವರ ಮುಖ ಮೆಲ್ಲಗೆ ಕಿವುಚಿಕೊಂಡಿತು. ಒಂದು ಕಣ್ಣು ಮುಚ್ಚಿಕೊಂಡಿತು.

ಹುಳಿ! ನನಗೂ ಕೊಟ್ಟರು. ಹುಳಿಯೆಂದರೆ ಹುಳಿ, ಮೇಲೆ ನಾರು.

"ಮುಂಬಯಿಯಿಂದ ತಂದ ಹಣ್ಣು ತಿಂದು ಅದರ ಓಟೆ ನೆಟ್ಟಿದ್ರು ನಮ್ಮವರು," ಎಂದರು. "ಜೇನಿನಂಥ ಹಣ್ಣು ಅದು. ಇದೂ ಹಾಗೇ ಇರುತ್ತೆ ಅಂತ ಕಾದರು. ಪಾಪ!"

ಓಟೆಯಿಂದ ಬಂದ ಮರ ತಾಯಿಮರದ ರುಚಿಯನ್ನೇ ಕೊಡಬೇಕೆಂದಿಲ್ಲ ಎಂದು ನಾನು ತಡವರಿಸುತ್ತಾ ಹೇಳಲು ಹೊರಟೆ. ಕಸಿ ಮಾಡಿದ್ದಾದರೆ ಬೇರೆ ಮಾತು. ಅಷ್ಟರಲ್ಲಿ ಅವರು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗುವಿನ ನೀರೋ ಬೇರೆಯದೋ ತಿಳಿಯದಂತಾಯಿತು. ಸೊಸೆ ಅವರ ಬೆನ್ನ ಮೇಲೆ ಕೈಯಿಟ್ಟಳು. ಉಸ್ಮಾನ್ ಅಡುಗೆಮನೆಯಿಂದ ಉಪ್ಪು, ಮೆಣಸಿನ ಪುಡಿ ತರಿಸಿ ಹೋಳುಗಳ ಮೇಲೆ ಉದುರಿಸಿದ. ಖಾಲಿದ್ ಒಂದು ತಿಂದ, ಎರಡು ತಿಂದ, ಆಮೇಲೆ ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡ. ಮರ ಕಡಿಯುವ ಮಾತು ಅಲ್ಲಿಗೆ ನಿಂತಿತು. ಮಕ್ಕಳ ಕೋಣೆಯನ್ನು ಅವನು ಆಮೇಲೆ ಮಾಳಿಗೆಯ ಮೇಲೆ ಕಟ್ಟಿಸಿದ.

"ಬರುವ ವರ್ಷ ಇದಕ್ಕಿಂತ ಜಾಸ್ತಿ ಬರುತ್ತಾ?" ಉಮ್ ಖಾಲಿದ್ ಕಣ್ಣೊರೆಸಿಕೊಂಡು ಕೇಳಿದರು.

ಡಾಕ್ಟರ್ ಹಾನಿ ನನ್ನ ಕಡೆ ನೋಡಿದರು. ಹೂಂ ಎಂದುಬಿಡಬಹುದಿತ್ತು, ಅಂಥ ಸಂತೋಷದ ಹೊತ್ತು ಅದು. ಆದರೆ ಆ ಜಗಲಿಯಲ್ಲಿ ಕೂತು ಸುಳ್ಳು ಹೇಳಲು ನನಗೆ ಆಗುತ್ತಿರಲಿಲ್ಲ.

"ಇಲ್ಲ. ಬರುವ ವರ್ಷ ಬಹಳ ಕಡಿಮೆ ಬರಬಹುದು. ಯಾರ ತಪ್ಪೂ ಅಲ್ಲ. ಇಷ್ಟು ಹೆತ್ತ ಮೇಲೆ ಮರಕ್ಕೆ ಆಯಾಸ. ಒಂದು ವರ್ಷ ಸುಧಾರಿಸಿಕೊಳ್ಳುತ್ತೆ. ಮಾವಿನ ಸ್ವಭಾವವೇ ಹಾಗೆ."

ಅವರು ಚಾಕುವನ್ನು ಬದಿಗಿಟ್ಟರು. ನಂತರ ರಫೀಕನ ಕಡೆ ತಿರುಗಿದರು.

"ನೀನು ಊರಿಗೆ ಹೋಗಿ ಎಷ್ಟು ವರ್ಷ ಆಯ್ತು?"

"ಐದು, ಅಮ್ಮಾ."

"ಯಾಕೆ ಹೋಗಲಿಲ್ಲ?"

ಅವನು ತಲೆ ಬಗ್ಗಿಸಿದ. "ಮರ ಯಾರು ನೋಡ್ತಾರೆ, ಹಣ್ಣು ಬರಲಿ ಆಮೇಲೆ ಹೋಗು ಅಂತ..." ಯಾರು ಹೇಳಿದ್ದು ಎಂಬುದನ್ನು ಈಗಲೂ ಅವನು ಹೇಳಲಿಲ್ಲ. ಖಾಲಿದ್ ತಟ್ಟೆಯ ಕಡೆಯೇ ನೋಡುತ್ತಿದ್ದ.

ಉಮ್ ಖಾಲಿದ್ ಮಗನಿಗೆ ಅರಬ್ಬಿಯಲ್ಲಿ ಎರಡೇ ಮಾತು ಹೇಳಿದರು. ಆ ಚಳಿಗಾಲದಲ್ಲಿ ರಫೀಕ್ ನಾಲ್ಕು ತಿಂಗಳ ರಜೆಗೆ ಊರಿಗೆ ಹೋದ. ನಾನೂ ಉಸ್ಮಾನನೂ ಅವನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆವು.

ಜನವರಿಯಲ್ಲಿ ಹೆದರಿಕೊಂಡೇ ಉಮ್ ಖಾಲಿದ್ ಅವರಿಗೆ ಫೋನು ಮಾಡಿದೆ. ಹೂವು ಹೇಗಿದೆ ಎಂದು ಕೇಳಿದೆ.

"ಅಲ್ಲೊಂದು ಇಲ್ಲೊಂದು," ಎಂದರು. ಅವರ ದನಿಯಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. "ನೀನ್ಯಾಕೆ ಗಾಬರಿಯಾಗ್ತೀಯ? ಈ ವರ್ಷ ಇಬ್ಬರಿಗೂ ರಜೆ."